ಹಾಲು ಬಿಡಿಸುವ ಅವಸರ

ಆಸಾಡಿಯ ಮಳೆ ಹಿಡಿದರೆ ಬೈಂದೂರಿನಿಂದ ಬ್ರಹ್ಮಾವರದ ತನಕ ಜ್ವರದ ಕಾಲ. ಗದ್ದೆ ನೀರಿನಿಂದ ಇಲಿಜ್ವರ, ಸೊಳ್ಳೆಯಿಂದ ಡೆಂಗಿ ಮತ್ತು ಮಲೇರಿಯ, ಒಣಗದ ಬಟ್ಟೆಯ ಜೊತೆಗೆ ಬಿಡದ ಕೆಮ್ಮು. ಕುಂದಾಪುರದ ಯಾವ ಆಸ್ಪತ್ರೆಯ ಸಾಲಿನಲ್ಲಿ ನೋಡಿದರೂ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ತಾನೇ ನಡುಗುತ್ತ ನಿಂತ ತಾಯಂದಿರು ಇದ್ದೇ ಇರುತ್ತಾರೆ. ತಮ್ಮ ಜ್ವರಕ್ಕಿಂತ ಅವರನ್ನು ಹೆಚ್ಚು ಕಾಡುವುದು ಒಂದು ಪ್ರಶ್ನೆ: ‘ಮಗೀಗ್ ಹಾಲ್ ಕೊಡುಕಾತ್ತಾ?’ ಇದಕ್ಕೆ ಉತ್ತರ ವೈದ್ಯರ ಕೋಣೆಗೆ ಹೋಗುವ ಮೊದಲೇ ಮನೆಯ ಜಗಲಿಯಲ್ಲಿ ಸಿಕ್ಕಿರುತ್ತದೆ. ಮಾತ್ರೆ ನುಂಗಿದವಳ ಹಾಲು ನಂಜು, ಜ್ವರ ಬಂದವಳ ಹಾಲು ಬಿಸಿ, ಸಣಕಲಾದವಳ ಹಾಲಲ್ಲಿ ಸತ್ವವಿಲ್ಲ, ಬಿಡಿಸಿಬಿಡುವುದೇ ಒಳ್ಳೆಯದು. ಕೆಲವೊಮ್ಮೆ ವೈದ್ಯರೂ, ಸಾಲು ಉದ್ದವಿದ್ದಾಗ, ‘ಸದ್ಯಕ್ಕೆ ಹಾಲು ನಿಲ್ಲಿಸಿ’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಕೇಳುವುದಕ್ಕೆ ಇದು ಎಚ್ಚರಿಕೆಯ ಮಾತು. ಆದರೆ ಹಾಲು ಬಿಡಿಸು ಎನ್ನುವುದೂ ಒಂದು ಔಷಧದ ಚೀಟಿಯೇ. ಅದಕ್ಕೂ ಪ್ರಮಾಣವಿದೆ, ಅವಧಿಯಿದೆ, ಅಡ್ಡಪರಿಣಾಮಗಳಿವೆ. ಬೇರೆ ಯಾವ ಚೀಟಿಯನ್ನೂ ನಾವು ಇಷ್ಟು ಸಲೀಸಾಗಿ ಬರೆಯುವುದಿಲ್ಲ.

ನಂಜು ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಅಗತ್ಯವಿಲ್ಲ. ತಾಯಿಯ ರಕ್ತಕ್ಕೆ ಸೇರಿದ್ದು ಹಾಲಿಗೂ ಸೇರೀತು ಎಂಬ ಅದರ ಊಹೆ ಸರಿ. ಅದು ಕೇಳದೆ ಬಿಟ್ಟದ್ದು ಎಷ್ಟು ಎನ್ನುವುದನ್ನು. ಮೊಲೆಯೊಳಗೆ ಹಾಲು ತಯಾರಾಗುವುದು ದ್ರಾಕ್ಷಿ ಗೊಂಚಲಿನಂಥ ಸಣ್ಣ ಸಣ್ಣ ಚೀಲಗಳಲ್ಲಿ. ಆ ಚೀಲದ ಗೋಡೆಯೆಂದರೆ ಒಂದೇ ಒಂದು ಸಾಲು ಜೀವಕೋಶ. ರಕ್ತದಲ್ಲಿರುವ ಔಷಧ ಈ ಗೋಡೆಯನ್ನು ಹಾಯಬೇಕು. ಅಣು ದೊಡ್ಡದಾದರೆ ಹಾಯುವುದಿಲ್ಲ. ಹೆಪಾರಿನ್‌ನ ವಿಷಯದಲ್ಲಿ ಚಿಂತೆಯಿಲ್ಲದಿರುವುದು ಅದಕ್ಕೇ. ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡ ಔಷಧವೂ ಹಾಯುವುದಿಲ್ಲ. ಹೃದಯದ ಕವಾಟ ಬದಲಿಸಿಕೊಂಡವರು ನುಂಗುವ ವಾರ್ಫರಿನ್‌ನ 100ರಲ್ಲಿ ಸುಮಾರು 99 ಪಾಲು ಹೀಗೆ ಅಂಟಿಕೊಂಡಿರುತ್ತದೆ. ಇನ್ನು ಹಾದು ಬರುವ ಔಷಧಗಳ ಲೆಕ್ಕ. ಕಫ ಕಟ್ಟಿದ ತಾಯಿಗೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ ಎಂದು ಬರೆದಿದ್ದಾರೆ ಎನ್ನಿ, ಒಟ್ಟು 1,500 ಮಿಲಿಗ್ರಾಂ. ಹಾಲಲ್ಲಿ ಅಳೆದು ನೋಡಿದಾಗ ಸಿಗುವುದು ಒಂದು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ. ಆರು ಕಿಲೋ ತೂಗುವ ಕೂಸು ದಿನಕ್ಕೆ ಸುಮಾರು 900 ಮಿಲಿಲೀಟರ್ ಕುಡಿಯುತ್ತದೆ. ಅಂದರೆ ಅದರ ಹೊಟ್ಟೆಗೆ ಹೋಗುವುದು ಹೆಚ್ಚುಕಡಿಮೆ ಒಂದು ಮಿಲಿಗ್ರಾಂ. ಇದೇ ಕೂಸಿಗೆ ನಾಳೆ ಕಫವಾಗಿ ಇದೇ ಔಷಧ ಕೊಡಬೇಕಾಗಿ ಬಂದರೆ ದಿನಕ್ಕೆ 150 ಮಿಲಿಗ್ರಾಂಗೂ ಹೆಚ್ಚು ಕೊಡುತ್ತಾರೆ, ಅದೂ ಸಿಹಿ ಸಿರಪ್ಪಿನಲ್ಲಿ, ಯಾರೂ ನಂಜು ಎನ್ನುವುದಿಲ್ಲ. ತೂಕದ ಲೆಕ್ಕದಲ್ಲಿ ತಾಯಿಗೆ ಹೋದ ಔಷಧದ ಶೇಕಡ 10ಕ್ಕಿಂತ ಕಡಿಮೆ ಪಾಲು ಮಗುವಿಗೆ ಸೇರಿದರೆ ಸಾಮಾನ್ಯವಾಗಿ ಹಾಲುಣಿಸಬಹುದು ಎಂಬುದು ಔಷಧ ವಿಜ್ಞಾನಿಗಳು ಒಪ್ಪಿಕೊಂಡ ಗೆರೆ. ನಾವು ದಿನನಿತ್ಯ ಬಳಸುವ ಔಷಧಗಳಲ್ಲಿ ಹೆಚ್ಚಿನವು ಈ ಗೆರೆಯ ಕೆಳಗೇ ಇವೆ: ಪ್ಯಾರಸಿಟಮಾಲ್, ಪೆನಿಸಿಲಿನ್ ವರ್ಗದವು, ಬೆಳಗಾಗೆದ್ದು ಖಾಲಿ ಹೊಟ್ಟೆಗೆ ನುಂಗುವ ಥೈರಾಯ್ಡ್ ಮಾತ್ರೆ, ರಕ್ತದೊತ್ತಡದ ಲ್ಯಾಬೆಟಲಾಲ್ ಮತ್ತು ನಿಫೆಡಿಪಿನ್, ಖಿನ್ನತೆಗೆ ಕೊಡುವ ಸರ್ಟ್ರಲಿನ್.

ಔಷಧದ ಪೆಟ್ಟಿಗೆಯೊಳಗಿನ ಚೀಟಿ ಬೇರೆಯೇ ಹೇಳುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ‘ಹಾಲುಣಿಸುವ ತಾಯಂದಿರು ಬಳಸಬಾರದು’ ಎಂದು ಅದರಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆದರೆ ಆ ಸಾಲಿನ ಅರ್ಥ ಹಲವು ಸಲ ‘ಅಪಾಯ ಕಂಡಿದೆ’ ಎಂದಲ್ಲ, ‘ನಾವು ಪರೀಕ್ಷಿಸಿಲ್ಲ, ನಾಳೆ ನಮ್ಮನ್ನು ಕೇಳಬೇಡಿ’ ಎಂದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಜಾಲತಾಣದಲ್ಲಿರುವ ಲ್ಯಾಕ್ಟ್‌ಮೆಡ್ ಎಂಬ ಭಂಡಾರದಲ್ಲಿ ಒಂದೊಂದು ಔಷಧಕ್ಕೂ ಹಾಲಿನಲ್ಲಿ ಎಷ್ಟು, ಮಗುವಿನ ರಕ್ತದಲ್ಲಿ ಎಷ್ಟು, ತೊಂದರೆ ವರದಿಯಾಗಿದೆಯೇ ಎಂಬ ವಿವರವಿದೆ. ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಬಹುದು. ನಿಜವಾದ ಅಪಾಯದ ಉದಾಹರಣೆಗಳೂ ಇವೆ. ಕೆನಡಾದ ಟೊರಾಂಟೊದಲ್ಲಿ ಹೆರಿಗೆಯ ನೋವಿಗೆ ಕೊಡೀನ್ ತೆಗೆದುಕೊಳ್ಳುತ್ತಿದ್ದ ತಾಯಿಯ 13 ದಿನದ ಕೂಸು ತೀರಿಕೊಂಡ ವರದಿ 2006ರಲ್ಲಿ ಪ್ರಕಟವಾಯಿತು. ಕೊಡೀನನ್ನು ಬಹಳ ವೇಗವಾಗಿ ಮಾರ್ಫಿನ್ ಆಗಿಸುವ ದೇಹಗುಣ ಆ ತಾಯಿಗಿತ್ತು ಎಂದು ಅದರಲ್ಲಿತ್ತು. ಆ ವರದಿಯ ಬಗ್ಗೆ ಮುಂದೆ ತಜ್ಞರಲ್ಲೇ ತಕರಾರು ಎದ್ದಿತು. ಆದರೂ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹಾಲುಣಿಸುವವರಿಗೆ ಕೊಡೀನ್ ಬೇಡ ಎಂದರು. ಇಂಥಲ್ಲಿ ಬಿಡಬೇಕಾದ್ದು ಆ ಮಾತ್ರೆಯನ್ನು, ಹಾಲನ್ನಲ್ಲ. ಈ ವ್ಯತ್ಯಾಸ ನಮ್ಮ ಚೀಟಿಗಳಲ್ಲೂ ಕಾಣಬೇಕು. ನೋವು ಕಳೆಯುವ ಮಾತ್ರೆ ಹತ್ತಿವೆ, ಒಂದನ್ನು ಬದಲಿಸಬಹುದು; ಮಗುವಿಗೆ ತಾಯಿ ಒಬ್ಬಳೇ.

ಔಷಧವಾಯಿತು, ರೋಗಾಣು? ಕ್ಷಯವನ್ನೇ ತೆಗೆದುಕೊಳ್ಳಿ. ಶ್ವಾಸಕೋಶದ ಕ್ಷಯ ಹರಡುವುದು ಗಾಳಿಯಿಂದ, ಹಾಲಿನಿಂದಲ್ಲ. ಕೂಸಿಗೆ ಮೊಲೆ ಬಿಡಿಸಿ, ಅದೇ ಮುಚ್ಚಿದ ಕೋಣೆಯಲ್ಲಿ ಅದೇ ಚಾಪೆಯ ಮೇಲೆ ತಾಯಿಯ ಪಕ್ಕದಲ್ಲೇ ಮಲಗಿಸಿದರೆ ರೋಗಾಣುವಿಗೆ ಏನೂ ನಷ್ಟವಿಲ್ಲ, ನಷ್ಟವೆಲ್ಲ ಕೂಸಿಗೆ. ತಾಯಿ ಮಾತ್ರೆ ತಪ್ಪಿಸದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಲುಣಿಸಬೇಕು, ಮಗುವಿಗೆ ವೈದ್ಯರು ಹೇಳಿದ ತಡೆಮಾತ್ರೆ ಕೊಡಬೇಕು. ಕ್ಷಯದ ಮಾರ್ಗಸೂಚಿಗಳು ಹೇಳುವುದು ಇದನ್ನೇ. ಹೆಪಟೈಟಿಸ್ ಬಿ ಇರುವ ತಾಯಿಯೂ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕಿಸಿ ಹಾಲುಣಿಸಬಹುದು. ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಕ್ಕೆ ಕ್ಲೋರೋಕ್ವಿನ್ ನುಂಗುತ್ತ ಹಾಲು ಕೊಡಬಹುದು. ಜೊತೆಗೆ 14 ದಿನ ಕೊಡುವ ಪ್ರಿಮಾಕ್ವಿನ್‌ಗೆ ಮುಂಚೆ ತಾಯಿ, ಮಗು ಇಬ್ಬರಿಗೂ ಜಿ6ಪಿಡಿ ಎಂಬ ರಕ್ತಪರೀಕ್ಷೆ ಆಗಬೇಕು. ಇಲಿಜ್ವರದ ಪ್ರಶ್ನೆ ಸ್ವಲ್ಪ ಕಠಿಣ. ಅದರ ರೋಗಾಣು ತಾಯಿಯ ಹಾಲಿನ ಮೂಲಕ ಮಗುವಿಗೆ ದಾಟಿದ ಪ್ರಕರಣವೊಂದು 1988ರಲ್ಲಿ ವರದಿಯಾಗಿದೆ. ಆದ್ದರಿಂದ ಜ್ವರ ತೀವ್ರವಾಗಿರುವ ದಿನಗಳಲ್ಲಿ ಹಾಲು ತಡೆಯಿರಿ ಎಂದು ವೈದ್ಯರು ಹೇಳಿದರೆ ಅದರಲ್ಲಿ ಅರ್ಥವಿದೆ. ಆದರೆ ತಡೆಯುವುದು ಬೇರೆ, ಬಿಡಿಸುವುದು ಬೇರೆ. ತಡೆಯುವುದೆಂದರೆ ಮೂರು ನಾಲ್ಕು ಗಂಟೆಗೊಮ್ಮೆ ಹಿಂಡಿ ಚೆಲ್ಲಿ, ಅಷ್ಟು ದಿನ ಮಗುವಿಗೆ ಬೇರೆ ಹಾಲು ಕೊಟ್ಟು, ಆಮೇಲೆ ಮತ್ತೆ ಎದೆಗೆ ಹಚ್ಚಿಕೊಳ್ಳುವುದು. ಹಿಂಡುವ, ಮತ್ತೆ ಹಚ್ಚಿಕೊಳ್ಳುವ ಈ ಕ್ರಮವನ್ನು ಯಾರೂ ಹೇಳದಿರುವುದರಿಂದಲೇ ಐದು ದಿನದ ತಡೆ ಶಾಶ್ವತ ಬಿಡಿಸುವಿಕೆಯಾಗಿಬಿಡುತ್ತದೆ.

ಅವಸರದಿಂದ ಬಿಡಿಸಿದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಅಳೆದು ನೋಡಿದ್ದಾರೆ. ಹಾಲಿನಿಂದ ನಿಜಕ್ಕೂ ದಾಟುವ ರೋಗವೊಂದಿದೆ, ಎಚ್‌ಐವಿ. ಜಾಂಬಿಯಾದ ಲುಸಾಕಾ ನಗರದಲ್ಲಿ ಎಚ್‌ಐವಿ ಇದ್ದ 958 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕನೆಯ ತಿಂಗಳಿಗೆ ಥಟ್ಟನೆ ಹಾಲು ಬಿಡಿಸಲು ಹೇಳಿ ಪುಡಿಹಾಲನ್ನೂ ಪೌಷ್ಟಿಕ ಹಿಟ್ಟನ್ನೂ ಕೊಟ್ಟರು. ಇನ್ನೊಂದು ಗುಂಪು ತನಗೆ ಬೇಕಾದಷ್ಟು ದಿನ ಹಾಲುಣಿಸಿತು. ರೋಗ ದಾಟುವ ದಾರಿಯನ್ನೇ ಮುಚ್ಚಿದ ಮೊದಲ ಗುಂಪು ಗೆಲ್ಲಬೇಕಿತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶ ಹಾಗಿರಲಿಲ್ಲ. ಎರಡು ವರ್ಷ ತುಂಬುವಾಗ ಸೋಂಕಿಲ್ಲದೆ ಬದುಕಿದ್ದ ಮಕ್ಕಳ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಶೇಕಡ 68.4 ಮತ್ತು 64.0, ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದು ವ್ಯತ್ಯಾಸವೇ ಅಲ್ಲ. ಮೊದಲೇ ಸೋಂಕು ತಗುಲಿದ್ದ ಮಕ್ಕಳಲ್ಲಂತೂ ಬೇಗ ಬಿಡಿಸಿದವರೇ ಹೆಚ್ಚು ತೀರಿಕೊಂಡರು. ಹಾಲಿನ ದಾರಿ ಮುಚ್ಚಿ ಉಳಿಸಿದ್ದನ್ನು ಭೇದಿ, ನ್ಯುಮೋನಿಯ, ಸೊರಗು ಕಿತ್ತುಕೊಂಡಿದ್ದವು. ಪಕ್ಕದ ಬೋಟ್ಸ್ವಾನಾದಲ್ಲಿ ಸರ್ಕಾರ ಎಚ್‌ಐವಿ ಇದ್ದ ತಾಯಂದಿರಿಗೆ ಪುಡಿಹಾಲು ಉಚಿತವಾಗಿ ಹಂಚುತ್ತಿತ್ತು. 2005ರ ಕೊನೆಯಿಂದ 2006ರ ಆರಂಭದ ತನಕ ಅಲ್ಲಿ ಎಂದೂ ಕಾಣದ ಮಳೆ ಸುರಿಯಿತು, ಕುಡಿಯುವ ನೀರು ಕೆಟ್ಟಿತು, ನೂರಾರು ಎಳೆಯ ಮಕ್ಕಳು ಭೇದಿಯಿಂದ ಸತ್ತರು. ತನಿಖೆಗೆ ಹೋದವರು ಕಂಡ ಅತಿ ದೊಡ್ಡ ಕಾರಣ, ಆ ಮಕ್ಕಳು ತಾಯಿಯ ಹಾಲು ಕುಡಿಯುತ್ತಿರಲಿಲ್ಲ ಎನ್ನುವುದು. ಇಂದು ಎಚ್‌ಐವಿ ಇರುವ ತಾಯಿಯೂ ಔಷಧ ತಪ್ಪಿಸದೆ ನುಂಗುತ್ತ ಹಾಲುಣಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವುದರ ಹಿಂದೆ ಇಂಥ ಪಾಠಗಳಿವೆ.

ಅದು ಆಫ್ರಿಕಾ, ನಮ್ಮದು ಉಡುಪಿ ಜಿಲ್ಲೆ, ಇಲ್ಲಿ ಮನೆಗೊಂದು ಬಾವಿ, ಗ್ಯಾಸ್ ಒಲೆ, ಕೈಗೆಟಕುವ ದೂರದಲ್ಲಿ ಮಣಿಪಾಲ ಎನ್ನಬಹುದು. ಭಾಗಶಃ ಒಪ್ಪುತ್ತೇನೆ. ಮಣಿಪಾಲದ ಫ್ಲ್ಯಾಟಿನಲ್ಲಿ, ಓದಿಕೊಂಡ ಅಜ್ಜಿ ತಾತ ಇಬ್ಬರೂ ಇರುವಲ್ಲಿ, ಹತ್ತು ತಿಂಗಳ ಮಗುವಿಗೆ ಹಾಲು ಬಿಡಿಸಿದರೆ ಆಗುವ ಹಾನಿ ಸಣ್ಣದು. ಆದರೆ ಗಂಗೊಳ್ಳಿಯ ಬಂದರಿನಲ್ಲಿ ಮೀನು ಆಯುವವಳ, ಗೇರುಬೀಜ ಕಾರ್ಖಾನೆಗೆ ಹೋಗುವವಳ ಮೂರು ತಿಂಗಳ ಕೂಸಿಗೆ ಅದೇ ಮಾತು ಹೇಳಿದರೆ ಲೆಕ್ಕ ಬೇರೆಯಾಗುತ್ತದೆ. ಪುಡಿಹಾಲು ಎಂಬುದು ಸ್ವತಃ ಪೂರ್ತಿ ರೋಗಾಣುರಹಿತವಲ್ಲ. ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಅದರಲ್ಲಿ ಪುಡಿ ಕದಡಬೇಕು, ಆಮೇಲೆ ಆರಿಸಿ ಕುಡಿಸಬೇಕು. ದಿನಕ್ಕೆ ಆರೇಳು ಸಲ, ನಡುರಾತ್ರಿಯಲ್ಲೂ. ಜಡಿಮಳೆಯಲ್ಲಿ ಬಾವಿಯ ನೀರು ಕೆಂಪಾಗಿರುತ್ತದೆ. ಡಬ್ಬಿ ಮುಗಿಯುತ್ತ ಬಂದಾಗ ನಾಲ್ಕು ಚಮಚ ಹಾಕುವಲ್ಲಿ ಮೂರು ಬೀಳುತ್ತದೆ. ಹಾಲು ಬೆಳ್ಳಗೇ ಕಾಣುತ್ತದೆ, ಕೂಸು ಮಾತ್ರ ತೂಕ ಏರುವುದಿಲ್ಲ. ಉಡುಪಿಯ ಮಳೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರನ್ನು ದಾಟುತ್ತದೆ. ಬೋಟ್ಸ್ವಾನಾಕ್ಕೆ ಅಪರೂಪಕ್ಕೆ ಬಂದ ಮಳೆಗಾಲ ನಮಗೆ ಪ್ರತಿ ಜೂನ್‌ನಲ್ಲಿ ಬರುತ್ತದೆ.

ತಾಯಿಯ ದೇಹಕ್ಕೂ ಥಟ್ಟನೆ ನಿಲ್ಲಿಸುವುದು ಸಲ್ಲದು. ಹಾಲು ಹೊರಹೋಗದೆ ತುಂಬಿ ನಿಂತರೆ, ಇನ್ನು ಸಾಕು ಎಂಬ ಸಂದೇಶ ಮೊಲೆಯೊಳಗೇ ಹುಟ್ಟುತ್ತದೆ. ಹಾಲು ಕಟ್ಟುವ ಕೋಶಗಳು ನಿಧಾನಕ್ಕೆ ಅಂಗಡಿ ಮುಚ್ಚುತ್ತವೆ. ಕೋಶ ಕೋಶಗಳ ನಡುವಿನ ಬಿಗಿಯಾದ ಬೆಸುಗೆ ಸಡಿಲಾಗಿ, ರಕ್ತದ ಕಡೆಯ ಸೋಡಿಯಂ ಮತ್ತು ಕ್ಲೋರೈಡು, ಅಂದರೆ ಉಪ್ಪು, ಹಾಲಿಗೆ ಸೋರುತ್ತದೆ. ಹಾಲಿನ ಸಿಹಿಗೆ ಕಾರಣವಾದ ಲ್ಯಾಕ್ಟೋಸ್ ಇಳಿಯುತ್ತದೆ. 1978ರಲ್ಲಿ ಆಸ್ಟ್ರೇಲಿಯದ ಹಾರ್ಟ್‌ಮನ್ ಮತ್ತು ಕುಲ್ಸ್ಕಿ ಎಂಬ ವಿಜ್ಞಾನಿಗಳು ದಿಢೀರನೆ ಹಾಲು ನಿಲ್ಲಿಸಿದ ತಾಯಂದಿರಲ್ಲಿ ಇದನ್ನು ದಾಖಲಿಸಿದರು. ಬಿಡಿಸುವ ದಿನಗಳಲ್ಲಿ ಕೂಸು ಎದೆಗೆ ಬಾಯಿಟ್ಟು ಮುಖ ಕಿವುಚಿದರೆ ಅದು ಹಟವಲ್ಲ, ಹಾಲು ನಿಜಕ್ಕೂ ಉಪ್ಪಾಗಿರುತ್ತದೆ. (ಜಾಂಬಿಯಾದಲ್ಲಿ ಹಾಲು ಬಿಡಿಸಿದ ಎರಡು ವಾರಕ್ಕೆ ಉಳಿದ ಹಾಲಿನಲ್ಲಿ ವೈರಸ್ಸಿನ ಪ್ರಮಾಣ ಏರಿದ್ದೂ ಕಂಡುಬಂತು, ಸಡಿಲಾದ ಬೆಸುಗೆ ಉಪ್ಪಿಗಷ್ಟೇ ದಾರಿ ಬಿಡುವುದಿಲ್ಲ.) ತುಂಬಿ ನಿಂತ ಹಾಲು ಗಡ್ಡೆಗಟ್ಟಿ, ಚರ್ಮ ಕೆಂಪೇರಿ, ಚಳಿಜ್ವರ ಬಂದು, ಕೀವಾಗುವ ತನಕ ಹೋಗುವುದುಂಟು. ಒಂದು ಜ್ವರಕ್ಕೆಂದು ಹಾಲು ಬಿಡಿಸಿ ಇನ್ನೊಂದು ಜ್ವರ ತಂದುಕೊಂಡಂತೆ. ಬಟ್ಟೆಯಿಂದ ಎದೆ ಬಿಗಿದು ಕಟ್ಟುವುದು, ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಇವೆರಡರಿಂದ ಕಷ್ಟ ಹೆಚ್ಚುತ್ತದೆಯೇ ಹೊರತು ಹಾಲು ಬೇಗ ಬತ್ತುವುದಿಲ್ಲ.

ಇಲ್ಲೊಂದು ಹಳೆಯ ಉಪಾಯಕ್ಕೆ ಗೌರವ ಸಲ್ಲಬೇಕು. ಮೊಲೆಯ ಮೇಲೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ದಕ್ಷಿಣದ ಹೆಂಗಸರು ಹೇಳುತ್ತಲೇ ಬಂದಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಬ್ರೋಮೋಕ್ರಿಪ್ಟಿನ್ ಎಂಬ ಮಾತ್ರೆಯ ಎದುರು ನಿಲ್ಲಿಸಿ ನೋಡಿ, 1988ರಲ್ಲಿ ಪ್ರಕಟಿಸಿದರು. ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಎರಡರಿಂದಲೂ ಇಳಿಯಿತು, ಮಾತ್ರೆಯಿಂದ ಹೆಚ್ಚು ಇಳಿಯಿತು. ಆದರೆ ಎದೆ ಬಿಗಿತ, ಹಾಲಿನ ಪ್ರಮಾಣ, ನೋವಿನ ಮಾತ್ರೆಯ ಬಳಕೆ ಇವು ಮೂರರಲ್ಲೂ ಹೂವು ಮಾತ್ರೆಗೆ ಸಮನಾಯಿತು. ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಿಗೆ ಹಾಲು ಮರುಕಳಿಸಿತು. ಆ ಹೂವಿನ ಸಸ್ಯನಾಮ ಜಾಸ್ಮಿನಮ್ ಸ್ಯಾಂಬಾಕ್. ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಬ್ರಹ್ಮಾವರದ ಪೇಟೆಗೂ ಬರುವ ನಮ್ಮ ಶಂಕರಪುರ ಮಲ್ಲಿಗೆಯೂ ಅದೇ ಜಾತಿ. ಬ್ರೋಮೋಕ್ರಿಪ್ಟಿನನ್ನು ಹಾಲು ನಿಲ್ಲಿಸಲು ಕೊಡುವುದನ್ನು ಅಮೆರಿಕದಲ್ಲಿ 1994ರಲ್ಲಿ ಹಿಂತೆಗೆದುಕೊಂಡರು, ಲಕ್ವ ಮತ್ತು ಹೃದಯಾಘಾತದ ವರದಿಗಳು ಬಂದದ್ದರಿಂದ. ಒಂದು ಸಣ್ಣ ಪ್ರಯೋಗದಿಂದ ಮಲ್ಲಿಗೆಯನ್ನು ಔಷಧವೆಂದು ಸಾರಲು ಬರುವುದಿಲ್ಲ, ನಿಜ. ಆದರೆ ತೊಟ್ಟಿಗೆ ಬೇವು, ಲೋಳೆಸರ, ಮೆಣಸು ಹಚ್ಚಿ ಕೂಸನ್ನು ಹೆದರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಬಿಡಿಸಲೇಬೇಕಾದ ಸಂದರ್ಭಗಳಿವೆ, ಪಟ್ಟಿ ಮಾತ್ರ ಚಿಕ್ಕದು. ಕ್ಯಾನ್ಸರಿನ ಕೀಮೋಥೆರಪಿ ಅದರಲ್ಲಿ ಮೊದಲನೆಯದು. ಕೋಶ ವಿಭಜನೆಯನ್ನು ತಡೆಯುವ ಔಷಧ ಬೆಳೆಯುವ ಕೂಸಿನ ಹೊಟ್ಟೆಗೆ ಹೋಗಬಾರದು. ಅಮಿಯೊಡರೋನ್‌ನಂಥ ಕೆಲವು ಔಷಧಗಳು ದೇಹದಲ್ಲಿ ವಾರಗಟ್ಟಲೆ ಉಳಿಯುತ್ತವೆ. ಅತಿ ಸ್ಪಷ್ಟವಾದ ಉದಾಹರಣೆ ಥೈರಾಯ್ಡಿಗೆ ಕೊಡುವ ವಿಕಿರಣ ಅಯೋಡಿನ್. ರಕ್ತದಿಂದ ಅಯೋಡಿನ್ ಸೆಳೆದುಕೊಳ್ಳುವ ಪಂಪು ಥೈರಾಯ್ಡಿನಲ್ಲಿ ಇರುವಂತೆಯೇ ಹಾಲುಕ್ಕುವ ಮೊಲೆಯಲ್ಲೂ ಇದೆ, ಮಗುವಿನ ಮಿದುಳಿಗೆ ಬೇಕಾದ ಅಯೋಡಿನ್ ಹಾಲಿಗೆ ಸೇರಲೆಂದು. ಈ ಪಂಪಿಗೆ ವಿಕಿರಣದ ಅಯೋಡಿನ್ ಯಾವುದು, ಮಾಮೂಲಿ ಯಾವುದು ಗೊತ್ತಾಗುವುದಿಲ್ಲ. ಆದ್ದರಿಂದ ಚಿಕಿತ್ಸೆಗೆ ಕನಿಷ್ಠ ಆರು ವಾರ ಮೊದಲೇ ಹಾಲು ಪೂರ್ತಿ ನಿಂತಿರಬೇಕು, ಆ ಮಗುವಿಗೆ ಮತ್ತೆ ಕೊಡುವಂತಿಲ್ಲ. ಗಮನಿಸಿ, ನಿಜವಾಗಿ ಬಿಡಿಸಬೇಕಾದ ಇಲ್ಲಿ ವಿಜ್ಞಾನ ಕೇಳುತ್ತಿರುವುದು ಆರು ವಾರದ ಸಿದ್ಧತೆ. ಎದೆಯಲ್ಲಿ ಗಂಟು ಕಂಡಿತೆಂದು ಸ್ಕ್ಯಾನಿಗೆ, ಸೂಜಿ ಪರೀಕ್ಷೆಗೆ ಮೊದಲೇ ಹಾಲು ಬಿಡಿಸುವ ಅಗತ್ಯವಿಲ್ಲ. ಬಿಡಿಸಿದ ಮೇಲೆ ಹೋಗೋಣ ಎಂದು ಪರೀಕ್ಷೆಯನ್ನು ಮುಂದೂಡುವುದಂತೂ ಅಪಾಯ.

ಬಿಡಿಸುವುದು ಖಚಿತವಾದರೆ ಕ್ರಮ ಹೀಗೆ. ಕೂಸಿಗೆ ಅಷ್ಟಾಗಿ ಬೇಡದ ಹಗಲಿನ ಒಂದು ಸರದಿಯನ್ನು ಮೊದಲು ತಪ್ಪಿಸಿ; ನಾಲ್ಕೈದು ದಿನ ಬಿಟ್ಟು ಇನ್ನೊಂದು; ಮಲಗುವಾಗಿನದು, ಬೆಳಗಿನ ಜಾವದ್ದು ಕೊನೆಗೆ. ಎದೆ ಬಿಗಿದರೆ ಬಿಗಿತ ಇಳಿಯುವಷ್ಟೇ ಹಿಂಡಿ, ಖಾಲಿ ಮಾಡಬೇಡಿ. ಆರು ತಿಂಗಳೊಳಗಿನ ಕೂಸಿಗೆ ವೈದ್ಯರು ಹೇಳಿದ ಹಾಲನ್ನು ಬಾಟಲಿಯಲ್ಲಲ್ಲ, ಒಳಲೆಯಲ್ಲಿ ಕೊಡಿ. ಬಾಟಲಿಯ ರಬ್ಬರು ತೊಟ್ಟಿನೊಳಗೆ ಬ್ರಷ್ಷು ತಲುಪದ ಮೂಲೆಗಳಿವೆ. ಒಳಲೆಗೆ ಒಳಗೆಂಬುದೇ ಇಲ್ಲ, ತೊಳೆದು ನೀರಲ್ಲಿ ಕುದಿಸಿದರೆ ಮುಗಿಯಿತು. ಅಟ್ಟದ ಮೇಲೆ ಮಸಿ ಹಿಡಿದು ಕೂತ ಅದನ್ನು ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳು ಮತ್ತೆ ಕೆಳಗಿಳಿಸಿವೆ. ಆರು ತಿಂಗಳು ದಾಟಿದ್ದರೆ ರಾಗಿ ಮಣ್ಣಿ ನಮ್ಮಲ್ಲಿ ಇದ್ದೇ ಇದೆ. ಅದರ ದೋಷ ಒಂದೇ, ಬೆಂದರೆ ಗಂಟಲಿಗಿಳಿಯದಷ್ಟು ಗಟ್ಟಿಯಾಗುತ್ತದೆ. ತೆಳ್ಳಗಾಗಲೆಂದು ನೀರು ಸುರಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1980ರ ದಶಕದಲ್ಲಿ ಇದಕ್ಕೆ ಉಪಾಯ ತೋರಿಸಿದರು. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದರಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಮಣ್ಣಿ ತೆಳ್ಳಗೇ ಉಳಿಯುತ್ತದೆ. ಜೊತೆಗೆ ಮೊಳಕೆ ಹೆಸರುಕಾಳು, ಒಂದು ಚಮಚ ತುಪ್ಪ. ಕೆಲವು ದಿನ ಬಿಟ್ಟು ಮುಳ್ಳು ತೆಗೆದ ಬೇಯಿಸಿದ ಮೀನನ್ನು ಕುಚ್ಚಲಕ್ಕಿ ಗಂಜಿಗೆ ಹಿಚುಕಿ ಸೇರಿಸಬಹುದು, ನಂಜು ಎಂದು ಹೆದರಬೇಕಿಲ್ಲ.

ಇಷ್ಟೆಲ್ಲ ಮಗುವಿನ ಪರವಾಯಿತು, ತಾಯಿಯ ಪಾಡೇನು ಎಂಬ ಕೊನೆಯ ಆಕ್ಷೇಪವೇ ನನಗೆ ಅತಿ ಗಂಭೀರವಾಗಿ ಕಾಣುತ್ತದೆ. ಹಾಲುಣಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಪಥ್ಯದ ಹೆಸರಲ್ಲಿ ಬಾಣಂತಿಯ ತಟ್ಟೆಯಿಂದ ಮೀನು, ಬೇಳೆ, ಸೊಪ್ಪು ಎಲ್ಲ ತೆಗೆದಿಟ್ಟು, ಅವಳು ಸೊರಗಿದ ಮೇಲೆ ಹಾಲು ಬಿಡಿಸಿ ಎನ್ನುವುದು ಯಾವ ನ್ಯಾಯ? ರಕ್ತ ಕಡಿಮೆಯಿದೆ ಎನ್ನುವುದೂ ಕಾರಣವಾಗಲಾರದು. ಹಾಲಿನಲ್ಲಿ ದಿನಕ್ಕೆ ಹೋಗುವ ಕಬ್ಬಿಣ ಒಂದು ಮಿಲಿಗ್ರಾಮಿಗಿಂತ ಬಹಳ ಕಡಿಮೆ, ಹಾಲುಣಿಸುವಾಗ ಮುಟ್ಟು ತಡವಾಗುವುದರಿಂದ ಉಳಿಯುವುದೇ ಹೆಚ್ಚು. ಬೇಕಾದ್ದು ಕಬ್ಬಿಣದ ಮಾತ್ರೆ. ಆದರೆ ನಿದ್ದೆಗೆಟ್ಟು ಮನಸ್ಸು ಕುಸಿದವಳಿಗೆ, ನೋವಿನಿಂದ ಕೈಸೋತವಳಿಗೆ, ಇಷ್ಟೆಲ್ಲ ಕೇಳಿದ ಮೇಲೂ ಇನ್ನು ನನ್ನಿಂದಾಗದು ಎನ್ನುವವಳಿಗೆ ಬಿಡಿಸುವ ಹಕ್ಕಿದೆ. ಅದಕ್ಕೆ ರೋಗದ ಹೆಸರು ಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ನನ್ನ ತಕರಾರು ಅವಳ ತೀರ್ಮಾನದ ಮೇಲಲ್ಲ, ಅವಳನ್ನು ಕೇಳದೆ ಬರೆಯುವ ಚೀಟಿಯ ಮೇಲೆ.

ಹಾಗಾಗಿ ಮುಂದಿನ ಸಲ ಜ್ವರಕ್ಕೆಂದು ವೈದ್ಯರ ಎದುರು ಕೂತಾಗ, ಅವರು ಕೇಳದಿದ್ದರೂ ನೀವೇ ಮೊದಲು ಹೇಳಿ: ನಾನು ಹಾಲುಣಿಸುತ್ತಿದ್ದೇನೆ, ಮಗುವಿಗೆ ಇಷ್ಟು ತಿಂಗಳು. ನಿಲ್ಲಿಸಿ ಎಂದರೆ ಎಷ್ಟು ದಿನ, ಹಿಂಡಬೇಕೇ, ಬೇರೆ ಮಾತ್ರೆ ಇದೆಯೇ ಎಂದು ಕೇಳಿ, ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆಸಿಕೊಳ್ಳಿ.